ಸೋಮವಾರ ನಿಲ್ಲುವ ಕಾರ್ಡು

ಮನುಷ್ಯರನ್ನೆಲ್ಲ ಏಕವಚನದಲ್ಲಿ, ಯಂತ್ರಗಳನ್ನೆಲ್ಲ ಬಹುವಚನದಲ್ಲಿ ಮಾತಾಡಿಸುವ ಮಹಾನುಭಾವರು ಇಡೀ ಧಾರವಾಡದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಸೋದರಮಾವ! ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಮನೆಗೆ ಬಂದ ಬೀಗರಿಗೂ 'ಕೂಡಪಾ' ಎನ್ನುವ ಈ ಮಾಮಾ, ಕೆಟ್ಟ ಮಿಕ್ಸರಿನ ಮುಂದೆ ಚಪ್ಪಲಿ ಬಿಟ್ಟು ನಿಂತು, 'ಏನಾಗೇತ್ರಿ ತಮಗ?' ಎಂದು ಕೇಳುತ್ತಾರೆ. ಹಾಗೆ ಕೇಳಿದರೆ ಮಿಕ್ಸರು ಉತ್ತರ ಕೊಡುತ್ತದೆಯೇ? ಕೊಡುತ್ತದೆ. ಅರ್ಧ ಗಂಟೆಯಲ್ಲಿ ಅದು ರುಬ್ಬಿದ ಚಟ್ನಿಯನ್ನು ನಾನೇ ತಿಂದಿದ್ದೇನೆ.

ನಮ್ಮ ಅಕ್ಕ ಹುಬ್ಬಳ್ಳಿಯಲ್ಲಿ ಸೀರೆಗಳಿಗೆ ಕಸೂತಿ ಹಾಕುವ ಯಂತ್ರ ಇಟ್ಟುಕೊಂಡಿದ್ದಾಳೆ. ಭಾವ ತೀರಿಕೊಂಡ ಮೇಲೆ ಅವಳ ಮನೆ ನಡೆಯುವುದು ಅದರಿಂದಲೇ. ಯಂತ್ರಕ್ಕೆ ಚಿತ್ತಾರ ಕಳಿಸುವುದು ಒಂದು ಮುದಿ ಕಂಪ್ಯೂಟರು; ಎರಡರ ನಡುವಿನ ಮಾತುಕತೆಯೆಲ್ಲ ಕಂಪ್ಯೂಟರಿನ ಒಳಗಿರುವ ಅಂಗೈಯಗಲದ ಒಂದು ಕಾರ್ಡಿನ ಮೂಲಕ. ಆ ಕಾರ್ಡು ಹ್ಯಾಂಗ್ ಆಗತೊಡಗಿತು. ನವಿಲಿಗೆ ಕಾಲು ಬಂದವು, ತಲೆ ಬರಲಿಲ್ಲ. ಸೊಂಡಿಲು ಬಂತು, ಆನೆ ಬರಲಿಲ್ಲ! ಗರಗ ಊರಿನ ಮದುವೆಯೊಂದರ ಸೀರೆಗಳು ಅರ್ಧಕ್ಕೇ ನಿಂತವು.

ಕಂಪ್ಯೂಟರ್ ಅಂಗಡಿಯ ಮೆಕ್ಯಾನಿಕ್ ಬಂದು ನೋಡಿ, 'ಅಕ್ಕಾರ, ಈ ಕಾರ್ಡ್ ಈಗ ಎಲ್ಲೂ ಸಿಗೂದಿಲ್ರಿ. ಹೊಸಾ ಕಂಪ್ಯೂಟರಿಗೆ ಇದು ಕೂಡೂದೂ ಇಲ್ಲ. ಎಲ್ಲಾ ಗುಜರಿಗೆ ಹಾಕಿಬಿಡ್ರಿ' ಎಂದು ಹೇಳಿ ಹೋದ. ಅಕ್ಕ ಅವತ್ತು ಊಟ ಮಾಡಲಿಲ್ಲ.

ಮರುದಿನ ಮಾಮಾ ಬಂದರು. ಕಂಪ್ಯೂಟರಿಗೆ ಕೈಮುಗಿದು 'ಆರಾಮ ಇಲ್ಲೇನ್ರಿ?' ಎಂದರು. ನನಗೆ 'ಏ, ಆ ಕಡೆ ಸರಿ' ಎಂದರು. ಮುಚ್ಚಳ ಬಿಚ್ಚುತ್ತಾರೆ ಎಂದುಕೊಂಡರೆ, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತುಬಿಟ್ಟರು. ಯಂತ್ರ ನಿಂತ ದಿನಗಳಿಗೆಲ್ಲ ಅಕ್ಕ ಅದರಲ್ಲಿ ಕೆಂಪು ಗೀಟು ಹಾಕಿದ್ದಳು.

'ಮೊದಲಿಗೆ ಸೋಮವಾರ ಅಷ್ಟ ನಿಲ್ಲತಿದ್ರು ಇವರು. ಆಮ್ಯಾಲೆ ಮಂಗಳವಾರನೂ ನಿಂತ್ರು. ಈ ಸೋಮವಾರದಿಂದ ಎದ್ದೇ ಇಲ್ಲ. ಹೌದಿಲ್ಲೋ?'

'ಹೌದ್ರಿ ಮಾಮಾ,' ಎಂದಳು ಅಕ್ಕ. ಆ ಕ್ಯಾಲೆಂಡರಿನಲ್ಲಿ ರಜಾ ದಿನ ಬಿಟ್ಟು ಬೇರೇನನ್ನೂ ಕಾಣದ ನಾನು ಬಾಯಿ ತೆರೆದು ನಿಂತೆ.

ಆಮೇಲೆ ಮುಚ್ಚಳ ಬಿಚ್ಚಿ ಕಾರ್ಡನ್ನು ಹೊರಗೆ ತೆಗೆದರು. ಅದರ ಮೇಲೆ ದಪ್ಪಗೆ ಬಿಳಿಯದೇನೋ ಮೆತ್ತಿಕೊಂಡಿತ್ತು. ಮಾಮಾ ಉಗುರಿನಿಂದ ಕೆರೆದು, ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿದರು.

'ವಿಭೂತಿ.'

ಅಕ್ಕ ತಲೆ ತಗ್ಗಿಸಿದಳು. ಈ ಕಾರ್ಡೇ ಯಂತ್ರದ ಜೀವ ಎಂದು ಯಾರೋ ಅವಳಿಗೆ ಹೇಳಿದ್ದರಂತೆ. ಅಂದಿನಿಂದ ಪ್ರತಿ ಸೋಮವಾರ ಪೂಜೆ ಮುಗಿಸಿ, ಮುಚ್ಚಳ ತೆಗೆದು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಕಾರ್ಡಿಗೇ ಎಳೆಯುತ್ತಿದ್ದಳು! ನನಗೆ ನಗು ತಡೆಯಲಾಗಲಿಲ್ಲ. ಮಾಮಾ ಮಾತ್ರ ನಗಲಿಲ್ಲ. ಬ್ರಷ್ಷಿನಿಂದ ಒರೆಸಿ, ಕಾರ್ಡಿನ ಅಂಚಿನ ಲೋಹದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದು ತಾಸು ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಮತ್ತೆ ಕೂಡಿಸಿದರು.

ಸ್ವಿಚ್ ಒತ್ತಿದರು. ಸೂಜಿ ಕಟಕಟ ಎಂದು ಇಳಿಯಿತು. ನವಿಲಿಗೆ ತಲೆ ಬಂತು! ಮಾಮಾನ ಕಾಲಿಗೆ ಬೀಳಬೇಕು ಎನಿಸಿತು ನನಗೆ.

'ತಪ್ಪಾತ್ರಿ ಮಾಮಾ,' ಎಂದಳು ಅಕ್ಕ. 'ಅವರು ಹೋದ ಮ್ಯಾಲೆ ಮನಿ ನಡಸೋದು ಇದ ಅಲ್ಲೇನ್ರಿ. ಇದಕ್ಕೇನರ ಆದ್ರ ಹ್ಯಾಂಗ ಅಂತ ಭಾಳ ಅಂಜಿಕಿ ಬರತಿತ್ತು.'

ಮಾಮಾ ಎದ್ದು ಹೋಗಿ ದೇವರ ಜಗುಲಿಯಿಂದ ವಿಭೂತಿ ತಂದರು.

'ಹುಚ್ಚಿ, ಮನಿ ನಡಸಾಕಿ ನೀನು,' ಎಂದು ಅವಳ ಹಣೆಗೆ ಮೂರು ಬೆರಳು ಎಳೆದರು.

ಭಾವ ತೀರಿಕೊಂಡಾಗಲೂ ನಮ್ಮೆದುರು ಕಣ್ಣೀರು ಹಾಕದಿದ್ದ ಅಕ್ಕ ಅವತ್ತು ಮಾಮಾನ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟಳು.