ಕ್ರಿಸ್ಪಿನ್ ಲಾಂತಿಗ್ವಾ ಅವರ ವಿನಯದಿಂದ ನಮ್ಮ ಅಂಗಡಿಗಾದ ಹಾನಿ

ಗಿರಣಿ ಬಡಾವಣೆಯ ಹೆಮ್ಮೆ, ಬೇಸ್‌ಬಾಲ್ ಲೋಕದ ಕಣ್ಮಣಿ, ಸಾನ್ ಪೆದ್ರೊ ರಸ್ತೆಯ ಅತಿ ಎತ್ತರದ ಕಾಂಪೌಂಡ್ ಗೋಡೆಯ ಒಡೆಯರೂ ಆದ ಶ್ರೀ ಕ್ರಿಸ್ಪಿನ್ ಲಾಂತಿಗ್ವಾ ಅವರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಶ್ರೀಮತಿಯವರು, ತಮ್ಮ ಕುದುರೆಗಳು ಹಾಗೂ ಆಟದಿಂದ ತಮ್ಮನ್ನು ಬಿಡಿಸಿ ಊರಿಗೆ ಕರೆತಂದ ಆ ಬಲ ಮೊಣಕಾಲು, ಎಲ್ಲರೂ ಕ್ಷೇಮವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಸೊಬೇಯ್ದಾ ಪೆಗೇರೊ. ಸಕ್ಕರೆ ಗಿರಣಿಯ ಹಿಂಬದಿ ಗೇಟಿನೆದುರು, ಬಾದಾಮಿ ಮರದ ಕೆಳಗೆ, ಅಕ್ಕಿ, ಎಣ್ಣೆ, ಸಲಾಮಿ ಮಾಂಸ, ತಣ್ಣನೆಯ ಬಿಯರು ಮಾರುವ ಅಂಗಡಿಯವಳು. ಈಸ್ಟರ್‌ಗೆ ಮುಂಚಿನ ಒಂದು ಮಧ್ಯಾಹ್ನ ತಮ್ಮ ವಾಹನದ ಎಂಜಿನ್ ಕುದಿದು ತಾವು ನಮ್ಮಲ್ಲಿ ಇಳಿದು, ನೀರು ಕೇಳಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ನಮ್ಮಂಥವರೊಡನೆ ಬಲು ಸಜ್ಜನಿಕೆಯಿಂದ ಮಾತಾಡಿ ಹೋದದ್ದು ತಮಗೆ ನೆನಪಿರಬಹುದು. ನನ್ನ ದೂರು ಆ ಸಜ್ಜನಿಕೆಯ ವಿರುದ್ಧ. ಇದನ್ನು ಖಾಸಗಿಯಾಗಿಯೇ ತಲುಪಿಸೋಣವೆಂದು ತಮ್ಮ ಗೇಟಿನವರೆಗೆ ಬಂದಿದ್ದೆ. ಆದರೆ ತಮ್ಮ ಕಾವಲುಗಾರರಿಗೆ ತಮ್ಮ ವಿನಯ ಇನ್ನೂ ಅಂಟಿಲ್ಲವಾದ್ದರಿಂದ ಪತ್ರಿಕೆಯವರ ಮೊರೆ ಹೋಗಬೇಕಾಯಿತು.

ನಮ್ಮ ಅಂಗಡಿಯ ವಿಷಯ ಸ್ವಲ್ಪ ಹೇಳಿಕೊಳ್ಳುತ್ತೇನೆ. ನಮ್ಮಲ್ಲಿ ಸಿಗುವ ಸಾಮಾನೆಲ್ಲ ಪಕ್ಕದ ರಸ್ತೆಯ ಅಂಗಡಿಯಲ್ಲೂ ಸಿಗುತ್ತದೆ, ಅಲ್ಲಿ ಫ್ಯಾನೂ ಇದೆ. ಆದರೂ ಜನ ನಮ್ಮಲ್ಲಿಗೇ ಬರುವುದಕ್ಕೆ ಕಾರಣ, ಇಲ್ಲಿ ಪ್ರತಿ ಸಂಜೆ ಡಾಮಿನೊ ಮೇಜಿನ ಸುತ್ತ ನಡೆಯುವ ಒಂದೇ ಒಂದು ಜಗಳ: ಹೆಸರಾಂತ ಆಟಗಾರರಲ್ಲಿ ಯಾರ ಹೆಸರು ಆಟಕ್ಕಿಂತ ದೊಡ್ಡದು ಎಂಬುದು. ತಂಡ ಎಂಟು ರನ್ ಮುಂದಿದ್ದಾಗ ಮಾತ್ರ ಚೆಂಡನ್ನು ಗ್ಯಾಲರಿಗೆ ಅಟ್ಟುವ ವೀರರು, ಜೊತೆಯವರು ರನ್ನಿನ ಮಳೆ ಸುರಿಸಿದ ದಿನ ಮಾತ್ರ ಗೆಲ್ಲುವ, ಚೆಂಡೆಸೆಯುವ ಚಿನ್ನದ ಸರದ ಪಿಚರ್‌ಗಳು, ಎಲ್ಲರೂ ಈ ಮೇಜಿನ ಮೇಲೆ ಚರ್ಮ ಸುಲಿಸಿಕೊಂಡಿದ್ದಾರೆ. ಆದರೆ ಅವರೆಲ್ಲ ಪಕ್ಕದ ಪಲ್ಯವಿದ್ದ ಹಾಗೆ. ಊಟವೆಂದರೆ ತಾವೇ. ತಾವು ಮಹಾನ್ ಆಟಗಾರರೋ, ಊರು ಉಬ್ಬಿಸಿದ ಬಲೂನೋ ಎಂಬ ಪ್ರಶ್ನೆಯ ಮೇಲೆ ನಾನು ಮಗಳ ಮದುವೆ ಮಾಡಿದ್ದೇನೆ, ಅಂಗಡಿಗೆ ಸಿಮೆಂಟು ಚಾವಣಿ ಹಾಕಿಸಿದ್ದೇನೆ. ಅದಕ್ಕಾಗಿ ತಮಗೆ ಹೃತ್ಪೂರ್ವಕ ಕೃತಜ್ಞತೆಗಳು.

ವಾದದ ತಿರುಳು ತಮಗೆ ಗೊತ್ತಿರುವುದೇ: ಫೈನಲ್ ಪಂದ್ಯದಲ್ಲಿ ತಾವು ಹಿಡಿದ ಆ ಕ್ಯಾಚು. ತಲೆಯ ಮೇಲಿಂದ ಹಾರಿಹೋಗುತ್ತಿದ್ದ ಚೆಂಡಿನ ಹಿಂದೆ, ಆಟಕ್ಕೆ ಬೆನ್ನು ಹಾಕಿ ಓಡಿ, ಗೋಡೆಯ ಬುಡದಲ್ಲಿ ಹಾರಿ ಬಿದ್ದು, ಬಿದ್ದಲ್ಲಿಂದಲೇ ಗ್ಲೌಸಿನ ಕೈಯೆತ್ತಿ ತೋರಿಸಿದಿರಲ್ಲ, ಅದು. ಆ ಚಿತ್ರ ನಮ್ಮ ಬ್ಯಾಂಕಿನಲ್ಲಿದೆ, ಔಷಧಿ ಅಂಗಡಿಯಲ್ಲಿದೆ, ಪಾದ್ರಿಗಳ ಕೋಣೆಯಲ್ಲಿ ಸಂತರ ಪಟಕ್ಕಿಂತ ಒಂದು ಗೇಣು ಮಾತ್ರ ಕೆಳಗಿದೆ.

ಬಾಡಿಗೆಗೆ ಮೋಟಾರ್‌ಸೈಕಲ್ ಓಡಿಸುವ ಬಾಲ್ಬಿನೊ ಮಾತ್ರ ಆ ಚಿತ್ರಕ್ಕೆ ತಲೆಬಾಗಿದವನಲ್ಲ. ಬ್ಯಾಟಿನ ಸದ್ದು ಕೇಳಿದೊಡನೆ ತಾವು ಮೊದಲ ಹೆಜ್ಜೆಯನ್ನು ಮುಂದಕ್ಕಿಟ್ಟಿರೆಂದೂ, ತಪ್ಪು ತಿಳಿದ ಮೇಲೆ ಹಿಂದೆ ತಿರುಗಿ ಓಡಿದ್ದರಿಂದಲೇ ಹಾರಬೇಕಾಯಿತೆಂದೂ, ಸರಿಯಾಗಿ ಆಡುವವನಾಗಿದ್ದರೆ ಅಲ್ಲಿಗೆ ಮೊದಲೇ ಹೋಗಿ ಬಸ್ಸಿಗೆ ಕಾಯುವವನ ಹಾಗೆ ನಿಂತು ಚೆಂಡು ಹಿಡಿಯುತ್ತಿದ್ದನೆಂದೂ ಅವನ ವಾದ. ಅವನಿಗೆ ಎದುರು ನಿಂತವರು ದೋನ್ ಎಲಿಹಿಯೊ. ಗಿರಣಿಯ ಕಬ್ಬಿನ ರೈಲು ಓಡಿಸಿ ನಿವೃತ್ತರಾದವರು, ನನ್ನನ್ನು ದೋನ್ಯಾ ಎನ್ನುವ ಹಾಗೆ ಇಡೀ ಬಡಾವಣೆ ಗೌರವದಿಂದ ದೋನ್ ಎಂದು ಕರೆಯುವ ಹಿರಿಯರು. ಮಾನ್ಯರೇ, ತಮ್ಮ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಅವರು ಡಾಮಿನೊ ಬಿಲ್ಲೆಯನ್ನು ಮೇಜಿಗೆ ಬಡಿದ ಸದ್ದಿಗೆ ನನ್ನ ಗಾಜಿನ ಭರಣಿಗಳು ಅದುರುತ್ತಿದ್ದವು. ಬಾಲ್ಬಿನೊ ದಿನವೂ ಸೋಲುತ್ತಿದ್ದ, ದಿನವೂ ಮರಳಿ ಬರುತ್ತಿದ್ದ. ಮನೆಗೆ ಹೋಗುವಾಗ ದೋನ್ ಎಲಿಹಿಯೊ ಅವರನ್ನು ತನ್ನ ಗಾಡಿಯ ಮೇಲೇ ಕೂರಿಸಿಕೊಂಡು ಬಿಟ್ಟುಬರುತ್ತಿದ್ದ.

ದೋನ್ ಎಲಿಹಿಯೊ ತಮ್ಮನ್ನು ಹೀಗೆ ಕಾಯುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಅದು ಅಂಗಡಿಯಲ್ಲಿ ಎಲ್ಲರಿಗೂ ತಿಳಿದಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಸಮುದ್ರದಾಚೆಯ ಉತ್ತರದ ದೊಡ್ಡ ತಂಡದವರು ಆಟಗಾರರನ್ನು ಆರಿಸಲು ನಮ್ಮ ಗಿರಣಿ ಮೈದಾನಕ್ಕೆ ಬಂದ ದಿನ, ಹೊರಮೈದಾನದ ನಡುವಿನ ಆ ಒಂದು ಜಾಗಕ್ಕೆ ಕೊನೆಗೆ ಉಳಿದವರು ಇಬ್ಬರು: ತಾವು ಮತ್ತು ಅವರ ಮಗ ರಾದಾಮೆಸ್. ತಾವು ವಿಮಾನ ಹತ್ತಿದಿರಿ, ರಾದಾಮೆಸ್ ಫ್ರಿಜ್ಜು ರಿಪೇರಿ ಕಲಿತ. ಅಂದಿನಿಂದ ಆ ತಂದೆಯ ಬಾಯಲ್ಲಿ ಒಂದೇ ಮಾತು: ನನ್ನ ಮಗ ಯಾರೋ ದಾರಿಹೋಕನಿಗೆ ಸೋತಿಲ್ಲ, ಜಗತ್ತಿನ ಅತಿ ದೊಡ್ಡ ಆಟಗಾರನಿಗೆ ಸೋತಿದ್ದಾನೆ. ತಾವು ದೊಡ್ಡವರಾದಷ್ಟೂ ಅವರ ಮಗನ ಸೋಲು ಚಿಕ್ಕದಾಗುತ್ತಿತ್ತು. ಆದ್ದರಿಂದ ಅವರು ತಮ್ಮನ್ನು ಬೆಳೆಸಿದರು, ಮಾನ್ಯರೇ. ತಮ್ಮ ತರಬೇತುದಾರರಿಗಿಂತಲೂ ಹೆಚ್ಚು ಬೆವರು ಸುರಿಸಿ ಬೆಳೆಸಿದರು.

ಇಂಥ ಕಡೆಗೆ ತಮ್ಮ ಆಗಮನವಾಯಿತು. ಬಡಾವಣೆಗೆಲ್ಲ ಕರೆಂಟು ಹೋಗಿದ್ದರಿಂದ ಎಲ್ಲರೂ ಮರದ ಕೆಳಗೇ ಇದ್ದರು. ತಾವು ಕುಳಿತು ನೀರು ಕುಡಿದಿರಿ. ಆಮೇಲೆ ಬಾಲ್ಬಿನೊ, ಅವನ ಧೈರ್ಯವನ್ನು ನಾನು ಈಗಲೂ ಮೆಚ್ಚುತ್ತೇನೆ, ಮೊದಲ ಹೆಜ್ಜೆಯ ವಿಷಯವನ್ನು ತಮ್ಮೆದುರೇ ಎತ್ತಿದ. ಯಾವುದೇ ದೊಡ್ಡ ಮನುಷ್ಯ ಅಂಥ ಹೊತ್ತಿನಲ್ಲಿ ಏನು ಮಾಡಬೇಕೋ ಅದನ್ನು ತಾವು ಮಾಡುವಿರೆಂದು ಕಾದೆವು: ಸಿಟ್ಟಾಗುವಿರಿ, ಮೋಟಾರ್‌ಸೈಕಲ್ಲಿನವನಿಗೆ ಬೇಸ್‌ಬಾಲೇಕೆ ಎನ್ನುವಿರಿ, ಕೊನೆಗೆ ಕಪ್ಪು ಕನ್ನಡಕವನ್ನಾದರೂ ಹಾಕಿಕೊಳ್ಳುವಿರಿ ಎಂದು. ತಾವು ನಕ್ಕಿರಿ.

"ಇವ್ರು ಹೇಳೋದು ಸರಿ ಕಣ್ರಪ್ಪಾ," ಎಂದಿರಿ. "ಮೊದಲ ಹೆಜ್ಜೆ ತಪ್ಪೇ ಇಟ್ಟೆ. ಆಮೇಲೆ ಗಾಬರಿ ಬಿದ್ದು ಓಡ್ದೆ. ಚೆಂಡು ತಾನಾಗೇ ಬಂದು ಕೈಲಿ ಕೂತ್ಕೊಂಡ್ತು."

ದೋನ್ ಎಲಿಹಿಯೊ ಅದನ್ನು ಒಪ್ಪಲಿಲ್ಲ. "ನೀವು ಬೆನ್ನು ಹಾಕಿ ಓಡ್ತಿದ್ರಿ. ನಿಮಗೆ ಹೇಗೆ ಗೊತ್ತಾಗತ್ತೆ? ನೋಡಿದವ್ರು ನಾವು," ಎಂದು ತಮ್ಮ ವಿರುದ್ಧ ತಮ್ಮನ್ನೇ ಸಮರ್ಥಿಸಿದರು. ಆಗಲಾದರೂ ತಾವು ಹಿರಿಯರ ಮಾತಿಗೆ ಬೆಲೆ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ವಿನಯವೆಂಬುದು ಬಿಯರಿನ ಹಾಗೆ, ಒಂದು ಗುಟುಕಿಗೆ ನಿಲ್ಲುವುದಿಲ್ಲ. ತಾವು ಅವರ ಭುಜದ ಮೇಲೆ ಕೈಯಿಟ್ಟು ಮುಂದುವರಿಸಿದಿರಿ.

"ನಿಜ ಹೇಳ್ಬೇಕಂದ್ರೆ, ದೋನ್, ನನ್ನನ್ನ ಆರಿಸಿದ್ದೇ ಒಂದು ಅದೃಷ್ಟ. ಅವತ್ತು ಇದೇ ಗಿರಣಿ ಮೈದಾನದಲ್ಲಿ ನನಗಿಂತ ಚೆನ್ನಾಗಿ ಓಡೋನು ಒಬ್ಬ ಇದ್ದ. ಸಣಕಲು, ಹಸಿರು ಟೋಪಿ. ಹೆಸ್ರು ಮರ್ತೋಯ್ತು. ಬಂದವ್ರ ಕಣ್ಣಿಗೆ ನಾನು ಎತ್ತರ ಕಂಡೆ, ಅಷ್ಟೇ."

ನಾವೆಲ್ಲ ನೆಲ ನೋಡಿದೆವು. ದೋನ್ ಎಲಿಹಿಯೊ ಕೈಯಲ್ಲಿದ್ದ ಬಿಲ್ಲೆಯನ್ನು ಸದ್ದಿಲ್ಲದೆ ಮೇಜಿನ ಮೇಲಿಟ್ಟರು. "ನಿಮ್ಮ ಎಂಜಿನ್ ತಣ್ಣಗಾಗಿರ್ಬೇಕು, ನೋಡ್ಕೊಳ್ಳಿ," ಎಂದರು. ಆಮೇಲೆ ಎದ್ದು, ಬಿಸಿಲಿನಲ್ಲೇ, ಬಾಲ್ಬಿನೊ ಗಾಡಿ ತಿರುಗಿಸುವುದನ್ನೂ ಕಾಯದೆ ನಡೆದುಕೊಂಡು ಹೋದರು. ತಾವು ಎಲ್ಲರ ಕೈ ಕುಲುಕಿ, ನನ್ನ ಮೊಮ್ಮಗಳ ಕೆನ್ನೆ ತಟ್ಟಿ ಹೊರಟಿರಿ. ಅಂಥ ಸರಳ ಜೀವಿಯನ್ನು ನಾನು ನೋಡಿರಲಿಲ್ಲ. ಮುಂದೆಯೂ ನೋಡುವ ಆಸೆಯಿಲ್ಲ.

ಆಮೇಲಿನ ಕಥೆ ಕೇಳಿ. ದೋನ್ ಎಲಿಹಿಯೊ ಅಂಗಡಿಗೆ ಬರುವುದನ್ನು ಬಿಟ್ಟರು. ಚರ್ಚಿಗೆ ಹೋಗುವಾಗಲೂ ರಸ್ತೆಯ ಆಚೆ ಬದಿಯಿಂದ ಹಾಯುತ್ತಿದ್ದರು. ಗೆದ್ದ ಬಾಲ್ಬಿನೊನ ಮುಖ ನೋಡಬೇಕಿತ್ತು. ಲಾಟರಿ ಹೊಡೆದ ದಿನವೇ ಚೀಟಿ ಕಳೆದುಕೊಂಡವನ ಹಾಗಿದ್ದ. ಬೇರೆ ಆಟಗಾರರನ್ನು ಎಳೆತಂದು ಸುಲಿಯಲು ನೋಡಿದೆವು, ರುಚಿ ಹತ್ತಲಿಲ್ಲ. ಒಂದು ಸಂಜೆ ಮೇಜಿನ ಸುತ್ತ ಹವಾಮಾನದ ವಿಷಯ ಮಾತಾಡುವುದು ನನ್ನ ಕಿವಿಗೆ ಬಿದ್ದಾಗ ಅಂಗಡಿ ಮುಳುಗಿತೆಂದೇ ತಿಳಿದೆ. ಬಾಲ್ಬಿನೊ ಒಂದು ಬಾಟಲಿ ರಮ್ ಹಿಡಿದು ಅವರ ಮನೆಗೆ ಹೋದ. ಅವರು ಕೂರಲು ಹೇಳಿದರು, ಕಾಫಿ ಕೊಟ್ಟರು, ಅವನ ಗಾಡಿಯ ಟೈರಿನ ಬಗ್ಗೆ ವಿಚಾರಿಸಿದರು. ಬೇಸ್‌ಬಾಲಿನ ಸುದ್ದಿಯೇ ಬರಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಹೇಳಿಕೊಂಡು ಅವನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ತಲೆ ಹಿಡಿದು ಕುಳಿತ.

ಅದೇ ವಾರ ನನ್ನ ಫ್ರಿಜ್ಜು ಕೆಟ್ಟು, ರಿಪೇರಿಗೆ ರಾದಾಮೆಸ್ ಬಂದ. ಅವನು ಈಗ ದಪ್ಪಗಾಗಿದ್ದಾನೆ, ಮೂರು ಬಡಾವಣೆಗಳ ಫ್ರಿಜ್ಜುಗಳಿಗೆ ಅವನೇ ವೈದ್ಯ. ಅವನು ಹಿಂದಿನ ತಗಡು ಬಿಚ್ಚುತ್ತಿದ್ದಾಗ, ನನ್ನ ಬಾಯಿ ತಡೆಯದೆ, ತಾವು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಅವನು ಕೆಲಸ ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು, ದೋನ್ಯಾ," ಎಂದ. "ಪಕ್ಕದಲ್ಲಿ ಓಡಿದವ್ನು ನಾನಲ್ವಾ? ಅವನು ದೊಡ್ಡ ಆಟಗಾರ ಅಂತ ನಂಬೋದು ಅಪ್ಪಂಗೆ ಬೇಕಿತ್ತು. ಅದ್ಕೇ ಹೂಂ ಅಂತಿದ್ದೆ."

ತಂದೆ ಮಗನಿಗಾಗಿ ತಮ್ಮನ್ನು ಎತ್ತಿ ಹಿಡಿದಿದ್ದರು, ಮಗ ತಂದೆಗಾಗಿ. ನಡುವೆ ತಾವು ಸುಖವಾಗಿ ಮೇಲೇ ಇದ್ದಿರಿ. ಈ ಮಾತನ್ನು ನನಗೆ ಹೇಳಿ ಪ್ರಯೋಜನವಿಲ್ಲ, ಮನೆಗೆ ಹೋಗಿ ಹೇಳು ಎಂದೆ. ಅವನು ಹೋಗಿ ಹೇಳಿದನೆಂದು ಕಾಣುತ್ತದೆ. ಒಳಗೆ ಏನು ನಡೆಯಿತೋ ಗೊತ್ತಿಲ್ಲ. ಅವರ ಪಕ್ಕದ ಮನೆಯಾಕೆ ಗೋಡೆಗೆ ಕಿವಿಯಿಟ್ಟರೂ, ಇಬ್ಬರೂ ಸೇರಿ ಯಾರನ್ನೋ ಮನಸಾರೆ ಬೈಯುತ್ತಿದ್ದರೆಂದು ಮಾತ್ರ ತಿಳಿಸಿದಳು.

ಮುಂದಿನ ಭಾನುವಾರ ದೋನ್ ಎಲಿಹಿಯೊ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗನ ಗಾಡಿಯಿಂದಿಳಿದು, ಎಂದಿನ ಜಾಗದಲ್ಲಿ ಕುಳಿತು, ಬಿಲ್ಲೆಗಳನ್ನು ಜೋಡಿಸಿಕೊಂಡರು.

"ಮೊದಲ ಹೆಜ್ಜೆ ಮುಂದಿಟ್ಟ ಆ ಪುಣ್ಯಾತ್ಮ," ಎಂದು ಬಿಲ್ಲೆ ಬಡಿದರು. "ಕಣ್ಣು ಕಾಣದವನೂ ಇಡಲ್ಲ. ನನ್ನ ಮಗನಾಗಿದ್ರೆ ನಿಂತ್ಕೊಂಡೇ ಹಿಡೀತಿದ್ದ, ಇನ್ನೊಂದು ಕೈಲಿ ತಲೆ ಬಾಚ್ಕೋತಾ."

ಎಲ್ಲರೂ ಬಾಲ್ಬಿನೊನ ಕಡೆ ತಿರುಗಿದರು. ಅವನು ಒಪ್ಪಿಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುದುಕರು ಮತ್ತೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದು ಅವನಿಗೂ ಹೊಳೆಯಿತು. ತನ್ನ ಜನ್ಮದ ನಂಬಿಕೆಯನ್ನು ಅವನು ಬಿಯರಿನ ಜೊತೆ ನುಂಗುವುದನ್ನು ನಾನು ಕಣ್ಣಾರೆ ಕಂಡೆ.

"ಹಂಗನ್ಬೇಡಿ, ದೋನ್ ಎಲಿಹಿಯೊ," ಎಂದ. "ಅವತ್ತು ಗಾಳಿ ಇತ್ತು."

"ಗಾಳಿ? ಮೇಲೆ ಚಾವಣಿ ಇರೋ ಸ್ಟೇಡಿಯಂ ಕಣೋ ಅದು, ಕತ್ತೆ."

ಭರಣಿಗಳು ಅದುರಿದವು. ಅಂದಿನಿಂದ ಅಂಗಡಿ ಮತ್ತೆ ತುಂಬಿದೆ. ಮುಂಚೆ ಬಾಲ್ಬಿನೊ ತಮ್ಮನ್ನು ಹತ್ತಿ ಬಿಡಿಸುವ ಹಾಗೆ ಬಿಡಿಸುತ್ತಿದ್ದರೆ, ಈಗ ದೋನ್ ಎಲಿಹಿಯೊ ಬೀಜ ಸಮೇತ ಅರೆಯುತ್ತಿದ್ದಾರೆ. ತಮ್ಮ ಬ್ಯಾಟಿಂಗು, ತಮ್ಮ ಓಟ, ತಾವು ಗಡ್ಡ ಬಿಡುವ ರೀತಿ, ಯಾವುದನ್ನೂ ಉಳಿಸಿಲ್ಲ. ಬಡಪಾಯಿ ಬಾಲ್ಬಿನೊ ತನಗೆ ಒಂದಿಷ್ಟೂ ನಂಬಿಕೆಯಿಲ್ಲದ ದೇವರ ಅರ್ಚಕನಾಗಿ ದಿನಾ ಸಂಜೆ ಪೆಟ್ಟು ತಿನ್ನುತ್ತಾನೆ, ಮತ್ತೆ ಅವರನ್ನು ಗಾಡಿಯ ಮೇಲೆ ಕೂರಿಸಿಕೊಂಡು ಮನೆಗೆ ಬಿಡುತ್ತಾನೆ.

ಈಗ ನನ್ನ ಬೇಡಿಕೆ. ತಮ್ಮ ಪರವಾಗಿ ಬಾಲ್ಬಿನೊ ಆಡಬಹುದಾದ ಒಂದಾದರೂ ಗಟ್ಟಿ ಮಾತು ತಮ್ಮ ಬಳಿ ಉಳಿದಿದ್ದರೆ ದಯಮಾಡಿ ಕಳುಹಿಸಿಕೊಡಿ. ಅವನ ಬಳಿ ಈವರೆಗೆ ಗಾಳಿಯೊಂದೇ ಇರುವುದು. ಜೊತೆಗೆ ತಮ್ಮ ಸ್ಥಾನಕ್ಕೆ ತಕ್ಕಷ್ಟು ಸೊಕ್ಕನ್ನು ಬೇಗ ರೂಢಿಸಿಕೊಳ್ಳಬೇಕೆಂದೂ, ಸಾಧ್ಯವಾದರೆ ಬೆರಳಿಗೊಂದು ಅಸಹ್ಯವಾದ ಉಂಗುರ ಹಾಕಿಕೊಳ್ಳಬೇಕೆಂದೂ, ತಮ್ಮಷ್ಟು ಆಟಗಾರ ಹಿಂದೆ ಹುಟ್ಟಿಲ್ಲ ಮುಂದೆ ಹುಟ್ಟುವುದಿಲ್ಲವೆಂದು ರೇಡಿಯೊದಲ್ಲಿ ಒಮ್ಮೆ ಸಾರಬೇಕೆಂದೂ ಪ್ರಾರ್ಥನೆ. ದೊಡ್ಡವರು ತಮ್ಮ ದೊಡ್ಡತನವನ್ನು ತಾವೇ ಕೆಳಗಿಳಿಸಿದರೆ ಅದು ಯಾರ ತಲೆಯ ಮೇಲೆ ಬೀಳುತ್ತದೆಂದು ಸುತ್ತ ನೋಡಿಕೊಳ್ಳುವುದಿಲ್ಲ. ಎಂಜಿನ್ ಮತ್ತೊಮ್ಮೆ ಕುದಿದರೆ ಪಕ್ಕದ ರಸ್ತೆಯ ಅಂಗಡಿಗೆ ಹೋಗಿ. ಹೇಳಿದೆನಲ್ಲ, ಅಲ್ಲಿ ಫ್ಯಾನೂ ಇದೆ.

ಆ ಹಸಿರು ಟೋಪಿಯವನ ಹೆಸರು ರಾದಾಮೆಸ್. ಮರೆಯದಿರಲೆಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲು ಪತ್ರಿಕೆಯವರನ್ನು ಕೇಳಿದ್ದೇನೆ.

ತಮ್ಮ ಹೆಸರಿನಿಂದಲೇ ಇಷ್ಟು ಕಾಲ ಬಿಯರು ಮಾರಿದ,
ತಮ್ಮ ವಿಶ್ವಾಸಿ,
ಸೊಬೇಯ್ದಾ ಪೆಗೇರೊ

ಮರೆತ ಮಾತು: ತಾವು ಕ್ಯಾಚು ಹಿಡಿದು ಕೈಯೆತ್ತಿದ ಕ್ಷಣಕ್ಕೆ ಸರಿಯಾಗಿ ನಮ್ಮ ಬಡಾವಣೆಯಲ್ಲಿ ಕರೆಂಟು ಹೋಗಿತ್ತು, ಆಮೇಲೆ ಟಿವಿಯವರು ತೋರಿಸುವ ತುಣುಕುಗಳೆಲ್ಲ ಆ ಎತ್ತಿದ ಕೈಯಲ್ಲೇ ಮುಗಿಯುತ್ತವೆ. ರಾದಾಮೆಸ್ ಈಚೆಗೆ ಇಡೀ ಪಂದ್ಯವನ್ನು ಹುಡುಕಿ ನೋಡಿದನಂತೆ. ತಾವು ಮಲಗಿದಲ್ಲೇ ಕ್ಯಾಮೆರಾಗಳಿಗೆ ಚೆಂಡು ತೋರಿಸುತ್ತಿದ್ದಾಗ ಕ್ಯಾಚಾದ ಮೇಲೂ ಓಡಲು ಅವಕಾಶವಿದ್ದ ಎದುರಾಳಿಯ ಓಟಗಾರನೊಬ್ಬ ಮೂರನೆಯ ಬೇಸಿನಿಂದ ನಡೆದುಕೊಂಡೇ ಹೋಗಿ ಒಂದು ರನ್ ಗಳಿಸಿದ್ದಾನೆ. ದೋನ್ ಎಲಿಹಿಯೊಗೆ ಇದನ್ನಿನ್ನೂ ಹೇಳಿಲ್ಲ. ವ್ಯಾಪಾರ ಇಳಿಯುವ ಚಂಡಮಾರುತದ ತಿಂಗಳುಗಳಿಗೆ ಇರಲೆಂದು ಎತ್ತಿಟ್ಟಿದ್ದೇನೆ. ಅವರು ಪತ್ರಿಕೆ ಓದುವುದಿಲ್ಲ.