ಯಾರೂ ವೇದಿಕೆ ಹತ್ತಬಾರದು

ಹಾಸ್ಯಗಾರರು ಮಾತಾಡುವಾಗ ಬೇರೆ ಯಾರೂ ವೇದಿಕೆ ಹತ್ತಬಾರದು. ನಮ್ಮ ಹಾಸ್ಯಸಂಘದ ಕಾರ್ಯದರ್ಶಿಯಾಗಿ ನಾನು ಮಾಡಿದ ನಿಯಮ ಇದೊಂದೇ. ಇದನ್ನು ಮುರಿಯಲೆಂದೇ ಜನ ಮನೆಯಿಂದ ಹೊರಡುತ್ತಾರೋ ಏನೋ, ಪ್ರತಿ ಊರಿನಲ್ಲೂ ಒಬ್ಬರು ಹತ್ತಿಯೇ ಹತ್ತುತ್ತಾರೆ!

ಈ ವರ್ಷ ಆ ನಿಯಮವನ್ನು ಕಾಪಾಡಲೇಬೇಕಿತ್ತು. ನಮ್ಮ ಸ್ಟ್ಯಾಂಡಪ್ ಹುಡುಗಿಯ ತಂದೆತಾಯಿ ಯೆಮನ್ ದೇಶದವರು. ಓದಲು ಬಂದು ಇಲ್ಲೇ ನಿಂತರು. ಹುಡುಗಿ ಬೆಳೆದದ್ದು ಬಿಡದಿಯಲ್ಲಿ, ಕನ್ನಡ ಅಪ್ಪಟ ನಮ್ಮ ಸೀಮೆಯದು. ಅರಬ್ ಮೂಲದ ಹಾಸ್ಯಗಾರರಿಗೆಂದೇ ಹೊರದೇಶದಲ್ಲೊಂದು ಉತ್ಸವ. ಭಾಷೆ ಯಾವುದಾದರೂ ಸರಿ, ಆದರೆ ಆಯ್ಕೆಗೆ ಕಳಿಸುವ ರೆಕಾರ್ಡಿಂಗಿನಲ್ಲಿ ಬೇರೆಯವರು ಕಾಣಬಾರದು, ಎಲ್ಲೂ ಕತ್ತರಿಸಿರಬಾರದು. ನಾಲ್ಕು ಊರು, ನಾಲ್ಕು ಅವಕಾಶ.

ರಾಮನಗರ

"ನಮ್ಮಪ್ಪ ಫೋನಲ್ಲಿ ಅರಬ್ಬಿಲಿ 'ಊಟ ಆಯ್ತಾ' ಅಂದ್ರೆ ಸಾಕು, ಪಕ್ಕದ್ಮನೆಯೋರು ಜಗಳ ಬಿಡ್ಸಕ್ಕೆ ಓಡ್ಬತ್ತಾರೆ" ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಅವಳಿಗೊಂದು ಕೆಮ್ಮು. ಮುಂದಿನ ಸಾಲಿನ ರೇಷ್ಮೆ ವ್ಯಾಪಾರಿಯೊಬ್ಬರು ಹೊರಗೆ ಓಡಿ, ಎಳನೀರು ಹಿಡಿದು ಸೀದಾ ವೇದಿಕೆಗೆ!

"ಕುಡಿಯವ್ವ, ಗಂಟ್ಲು ಒಣಗೈತೆ."

ನಾನು ಕೆಳಗಿನಿಂದಲೇ, "ಸ್ವಾಮಿ, ರೆಕಾರ್ಡಿಂಗ್ ನಡೀತಿದೆ, ಇಳೀರಿ" ಎಂದು ಕೂಗಿದೆ.

ಅವರು ಕ್ಯಾಮೆರಾಕ್ಕೆ ಕೈಮುಗಿದು, ಅವಳು ಕುಡಿದು ಮುಗಿಸುವವರೆಗೂ ನಿಂತೇ ಇದ್ದರು. ಆಮೇಲೆ ಬುರುಡೆಯೊಳಗೆ ಇಣುಕಿ, "ಗಂಜಿನೂ ಐತೆ. ಒಡೆಸ್ಕಂಬರ್ಲಾ?"

ಚನ್ನಪಟ್ಟಣ

ಇಲ್ಲಿ ಗೊಂಬೆ ಮಾಡುವವರೊಬ್ಬರು ಬಣ್ಣದ ಮರದ ಕುದುರೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಮುಗಿದ ಮೇಲೆ ಕೊಡಿ ಎಂದೆ. ತಲೆಯಾಡಿಸಿದರು. ಅವಳು ಬಾಯಿ ತೆರೆದದ್ದೇ ತಡ, ಹತ್ತಿ ಕುದುರೆ ಕೊಟ್ಟೇಬಿಟ್ಟರು.

"ಮುಗಿದ ಮೇಲೆ ಅಂದಿದ್ದೆನಲ್ಲ!"

"ಮುಗ್ಯಗಂಟ ನಿಂತ್ರೆ ನಮ್ಮೂರ್ ಬಸ್ ಹೊಂಟೋಯ್ತದೆ ಸಾರ್. ಕುದ್ರೆ ಅವ್ಳಿಗೆ ಕೊಟ್ಬುಟ್ನಲ್ಲ, ನಾನ್ ಯಾತ್ರಲ್ ಹೋಗ್ಲಿ?"

ಕನಕಪುರ

"ನಮ್ಮಮ್ಮ ಸಿಕ್ಕಸಿಕ್ಕವ್ರಿಗೆಲ್ಲ, ಹುಡುಗ ಇದ್ರೆ ಹೇಳಿ ಅಂತಾರೆ" ಎಂದು ಅವಳು ತಮಾಷೆಗೆ ಹೇಳಿದ್ದು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು ಹತ್ತಿದರು. ಮೊಬೈಲಿನಲ್ಲಿ ಫೋಟೋ!

"ನಮ್ಮಕ್ಕನ ಮಗ ಕನವ್ವ. ಫ್ಯಾಕ್ಟ್ರಿಲವ್ನೆ, ಕುಡಿಯಾಕಿಲ್ಲ. ನಿಮ್ಮಮ್ಮಂಗೆ ತೋರ್ಸು."

ನನ್ನ ರಕ್ತ ಕುದಿಯಿತು. ನಾನೇ ಹತ್ತಿ, ಮೈಕ್ ತೆಗೆದುಕೊಂಡು, ವೇದಿಕೆಯನ್ನು ಏಕೆ ಹತ್ತಬಾರದು ಎಂಬುದನ್ನು ಸಭೆಗೆ ಕಾರಣ ಸಹಿತ ವಿವರಿಸಿದೆ. ಹುಡುಗಿ ಮೆಲ್ಲಗೆ, "ಸಾರ್, ಹುಡುಗನ ಕಡೆಯೋರು ಆಗ್ಲೇ ಇಳಿದ್ರು. ಈಗ ನೀವೊಬ್ರೇ ಉಳ್ದಿರೋದು" ಎಂದಳು.

ನಿಯಮ ಹೇಳುವವನು ಎಲ್ಲಿಂದ ಹೇಳಬೇಕು, ನೀವೇ ಹೇಳಿ.

ಮಾಗಡಿ

ಆಯ್ಕೆಯಾದದ್ದು ಇಲ್ಲಿಯ ರೆಕಾರ್ಡಿಂಗ್! ಅದೂ ಕೂದಲೆಳೆಯಲ್ಲಿ ಉಳಿದದ್ದು.

ವೇದಿಕೆ ಹತ್ತುವ ಮೊದಲೇ ಹುಡುಗಿ, "ಇದೂ ಹೋದ್ರೆ ಮುಗೀತು ಸಾರ್" ಎಂದಿದ್ದಳು. ಕೊನೆಯ ಪ್ರಸಂಗ, ಅರಬ್ಬರು ನೆಂಟರ ಮನೆಯಿಂದ ಹೊರಡುವುದು. ಅವಳಮ್ಮ ಆಟೋ ನಿಲ್ಲಿಸಿಕೊಂಡು, ಸೋಫಾದಲ್ಲಿ ಒಮ್ಮೆ 'ಬತ್ತೀನಿ', ಬಾಗಿಲಲ್ಲಿ ಒಮ್ಮೆ, ಗೇಟಿನಲ್ಲಿ ಇನ್ನೊಮ್ಮೆ. ಕೊನೆಗೂ ಹತ್ತಲು ಹೋದರೆ ಆಟೋದವನೇ ಇಲ್ಲ, ಒಳಗೆ ಊಟಕ್ಕೆ ಕೂತಿದ್ದಾನೆ. ಊಟಕ್ಕೆ ಕೂತ ಈ ಕೊನೆಯ ಮಾತೊಂದು ಹೇಳಲು ಬಾಕಿಯಿತ್ತು.

ಆಗ ಎದ್ದರು ನಮ್ಮ ಸಂಘದ ಅಧ್ಯಕ್ಷರು. ಕೈಯಲ್ಲಿ ಶಾಲು, ಹಾರ. ಕಾರ್ಯಕ್ರಮ ಯಾವುದಾದರೂ ಸರಿ, ಸನ್ಮಾನ ಮಾಡದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. ನಾನು ತೋಳು ಹಿಡಿದೆ. ಕೊಡವಿಕೊಂಡು ನಡೆದರು.

ವೇದಿಕೆಗೆ ಇದ್ದದ್ದು ಒಂದೇ ಕಡೆ ಮೆಟ್ಟಿಲು. ಅದರ ಬುಡದಲ್ಲಿ, ಕುರ್ಚಿ ಒಗ್ಗದೆ ನೆಲದ ಮೇಲೆ ಕೂತಿದ್ದವರು ಹತ್ತಿರದ ಕಲ್ಯ ಹಳ್ಳಿಯಿಂದ ಬಂದಿದ್ದ ಅಧ್ಯಕ್ಷರ ತಾಯಿ. ಎರಡೂ ಕಾಲು ಅಡ್ಡಕ್ಕೆ ಚಾಚಿದ್ದರು. ಹೆತ್ತ ತಾಯಿಯ ಕಾಲು ದಾಟಿ ಹೋಗುವುದುಂಟೆ?

"ಅವ್ವ, ಒಸಿ ಕಾಲ್ ಮಡಿಸ್ಕೊ" ಎಂದು ಅಧ್ಯಕ್ಷರು ಪಿಸುಗುಟ್ಟಿದರು.

"ಆಗಾಕಿಲ್ಲ."

"ಸನ್ಮಾನ ಮಾಡ್ಬೇಕು ಕನವ್ವ, ಜನ ನೋಡ್ತಾವ್ರೆ."

"ನೋಡ್ಲಿ. ಹೆಣ್ಮಗ ಮಾತಾಡ್ತಾ ಅದೆ, ಕಣ್ ಕಾಣಾಕಿಲ್ವಾ ನಿಂಗೆ?"

ಅಧ್ಯಕ್ಷರು ಕದಲಲಿಲ್ಲ. ಅಜ್ಜಿ ಮಗನ ಕೈಯಿಂದ ಶಾಲು ಎಳೆದುಕೊಂಡು, ಕೊಡವಿ ಬಿಡಿಸಿ, ಚಾಚಿದ ತಮ್ಮ ಕಾಲಿನ ಮೇಲೆಯೇ ಹೊದ್ದುಕೊಂಡು, ವೇದಿಕೆಯತ್ತ ಗದ್ದ ಎತ್ತಿದರು.

"ನೀ ಹೇಳವ್ವ, ಆಟೋದವ್ನು ಎಲ್ ಹೋದ?"