ಕರೂರಿಗೆ ಒದರಲು ಪರವಾನಗಿ

ಬಳ್ಳಾರಿ ನಗರದಲ್ಲಿ ಒಂದು ಹಳೇ ಗೋದಾಮಿನ ಎರಡನೇ ಮಹಡಿಯಲ್ಲಿ ಒದರಾಟ ನಿಯಂತ್ರಣ ಉಪವಿಭಾಗ ಇದೆ. ಸದರಿ ಕಚೇರಿಯ ಲಿಖಿತ ಅನುಮತಿ ಇಲ್ಲದೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಸಾರ್ವಜನಿಕ ಸ್ಥಳಗಳಲ್ಲಿ ಯಾರೂ ಒದರುವಂತಿಲ್ಲ.

ನಿಯಮದ ಕರಡು ಬರೆದ ಸಮಿತಿಯಲ್ಲಿ ನಾನೂ ಒಬ್ಬ ತಜ್ಞ. ಅರ್ಹತೆ ಸಣ್ಣದೇ. ಕುರುಗೋಡಿನಲ್ಲಿ ನಿಂತು ನಾನು ನಮ್ಮ ಎಮ್ಮೆಯನ್ನು ಕರೆದರೆ ಬಾದನಹಟ್ಟಿಯ ಎಮ್ಮೆಗಳೂ ಹೊರಟು ಬರುತ್ತವೆ. ಅವನ್ನು ತಿರುಗಿ ಕಳಿಸುವುದೇ ನಮಗೆ ದೊಡ್ಡ ಕೆಲಸ.

ಸಮಿತಿಯ ಮೊದಲ ನಾಲ್ಕು ಸಭೆಗಳು ಒದರುವುದು ಎಂದರೇನು ಎಂಬುದಕ್ಕೇ ಮುಗಿದವು. ಉಪವಿಭಾಗದ ಅಧಿಕಾರಿ ಚನ್ನಬಸವರಾಜ ಸಾಹೇಬರು "ಗಟ್ಟಿಯಾಗಿ ಕೂಗುವುದು" ಎಂದು ಬರೆದುಕೊಂಡು ಬಂದಿದ್ದರು. ನಾನು ಒಪ್ಪಲಿಲ್ಲ.

"ಸಾಹೇಬ್ರ, ನಾನು ಮೆತ್ತಗ ಮಜ್ಜಿಗಿ ಕೇಳಿದ್ರ ನಮ್ಮ ಮನಿಯಾಕಿ ರೇಣುಕಾ ‘ಯಾಕ ಒದರತೀರಿ’ ಅಂತಾಳ. ಸುಮ್ಮನ ಕುಂತ್ರ ‘ಏನರ ಒದರ್ರಿ, ಗೊತ್ತಾಗಲಿ’ ಅಂತಾಳ. ಮೂಲ್ಯಾಗ ಫೋನು ಬಡಕೊಂಡ್ರ ಅದೂ ಒದರಾಕತ್ತೈತಿ. ಬಚ್ಚಿಟ್ಟ ಮಾತು ಬಾಯಿ ತಪ್ಪಿ ಹೊರಗ ಬಂತಂದ್ರ ‘ಒದರಿಬಿಟ್ಟ ನೋಡು’ ಅಂತಾರ. ಇದ್ರಾಗ ಗಟ್ಟಿ ಎಲ್ಲಿ ಬಂತು?"

ಸಾಹೇಬರು ಎಲ್ಲವನ್ನೂ ಉಪನಿಯಮಗಳಾಗಿ ಬರೆದುಕೊಂಡರು. ಕೊನೆಗೆ ಸರ್ವಾನುಮತದಿಂದ ಅಂಗೀಕಾರವಾದ ವ್ಯಾಖ್ಯೆ ಹೀಗಿದೆ: "ಕೇಳುವವರಿಗೆ ಬೇಡವಾದ ಯಾವುದೇ ಮಾತು ಒದರಾಟವೆಂದು ಪರಿಗಣಿಸತಕ್ಕದ್ದು." ಅದರಲ್ಲಿ ನಾಲ್ಕು ವರ್ಗ. ವ್ಯಾಪಾರದ್ದು, ಸಂತೋಷದ್ದು, ದುಃಖದ್ದು, ಸಿಟ್ಟಿನದು. ಸಿಟ್ಟಿನದನ್ನು ಸರ್ಕಾರಿ ನೌಕರರಿಗೆ ಕಾಯ್ದಿರಿಸಲಾಯಿತು.

ನಿಯಮ ಜಾರಿಯಾದ ಮೂರನೇ ದಿನ ನಮ್ಮಕ್ಕನ ಮಗ ಹುಲಿಗೇಶ ಸಿರುಗುಪ್ಪದಿಂದ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಅವನ ಉದ್ಯೋಗವೇ ಒದರುವುದು. ಸಿರುಗುಪ್ಪ ಬಸ್ ನಿಲ್ದಾಣದ ಹೊರಗೆ ಟಂಟಂ ಗಾಡಿಗಳ ಪಕ್ಕ ನಿಂತು "ಕರೂರ ಕರೂರ ಕರೂರ" ಎಂದು ಒದರಿ ಜನ ತುಂಬಿಸಬೇಕು. ಹದಿನಾಲ್ಕು ವರ್ಷದಿಂದ ಅವನ ಸಂಸಾರ ತಾಲ್ಲೂಕಿನ ಆ ಒಂದು ಹಳ್ಳಿಯ ಹೆಸರಿನ ಮೇಲೆ ನಡೆದಿದೆ.

"ಮಾವ, ಬೋರ್ಡು ಬರದು ಹಿಡಕೊಂಡು ನಿಂತೆ," ಅಂದ. "ಒಬ್ರೂ ಹತ್ತಲಿಲ್ಲ."

"ಯಾಕಲೇ, ಅಕ್ಷರ ತಪ್ಪಿತ್ತೇನು?"

"ಅಕ್ಷರ ಬರೋಬ್ಬರಿ ಅದಾವು. ಎಲ್ಲಾರೂ ಓದತಾರ, ಓದಿ ‘ಗಾಡಿ ಯಾವಾಗ ಬಿಡತೈತಿ’ ಅಂತಾರ. ಈಗ ಅಂದ್ರ ನಂಬವಲ್ರು. ಒದರದ ಗಾಡಿ ಬಿಡಂಗಿಲ್ಲ ಅಂತ ಜನಕ್ಕ ಗೊತ್ತೈತಿ. ಮೂರು ದಿನ ಆತು, ಗಾಡಿ ಖಾಲಿ. ಸೋಮವಾರದೊಳಗ ಪರವಾನಗಿ ತರಲಿಲ್ಲ ಅಂದ್ರ ಮಾಲಕರು ಬ್ಯಾರೆಯವನ್ನ ನಿಂದ್ರಸ್ತಾರಂತ."

ಅವನು ಹೇಳಿದ್ದು ನಿಜ. ನಮ್ಮ ಕಡೆ ಗಾಡಿ ಹೊರಡುವುದು ಕೀಲಿ ತಿರುವಿದಾಗ ಅಲ್ಲ, ಯಾರಾದರೂ ಅದರ ಪರವಾಗಿ ಗಂಟಲು ಹರಿದುಕೊಂಡಾಗ.

ಅವನನ್ನು ಕರೆದುಕೊಂಡು ಬಳ್ಳಾರಿಗೆ ಹೋದೆ. ಕಚೇರಿಯಲ್ಲಿ ಗುಮಾಸ್ತೆ ಶಬನಂ ಮೇಡಂ ಅರ್ಜಿ ತಿರುವಿ ನೋಡಿ, "ವ್ಯಾಪಾರದ ವರ್ಗಕ್ಕ ಕೈಯಾಗ ಸರಕು ಇರಬೇಕ್ರಿ. ನಿಮ್ಮ ಸರಕೇನು?" ಅಂದರು.

"ಊರ್ರಿ ಮೇಡಂ. ಕರೂರು."

"ಅದನ್ನ ತಂದೀರೇನು?"

ತಂದಿರಲಿಲ್ಲ. ಹಾಗಾಗಿ ನಿಯಮದ ಪ್ರಕಾರ ಒದರಾಟದ ಮಾದರಿ ಪರೀಕ್ಷೆ ನಡೆಯಿತು. ಸಾಹೇಬರು ಕಿಟಕಿ ಮುಚ್ಚಿಸಿ, ಕನ್ನಡಕ ಹಾಕಿಕೊಂಡು, "ಒದರಪಾ" ಎಂದರು. ಹುಲಿಗೇಶ ಒಂದು ಕೈ ಕಿವಿಗೆ ಹಚ್ಚಿ ಶುರು ಮಾಡಿದ. "ಕರೂರ ಕರೂರ ಕರೂರ, ಬರ್ರೀ, ಒಂದಾ ಸೀಟು ಐತಿ, ಕರೂರ." ಬೆಂಚಿನ ಮೇಲೆ ನಿದ್ದೆ ಹೋಗಿದ್ದ ಇಬ್ಬರು ಅರ್ಜಿದಾರರು ಎದ್ದು ಚೀಲ ಹುಡುಕತೊಡಗಿದರು. ಶಬನಂ ಮೇಡಂ ಕಣ್ಣು ಒರೆಸಿಕೊಂಡರು.

"ಯಾಕಮ್ಮ?" ಎಂದರು ಸಾಹೇಬರು.

"ನಮ್ಮ ತವರುಮನಿ ಕರೂರು ಸಾರ್. ರಂಜಾನಕ್ಕೂ ಹೋಗಾಕ ಆಗಿಲ್ಲ."

ಸಾಹೇಬರು ತಡಮಾಡದೆ ಕಡತದಲ್ಲಿ ಬರೆದರು: "ಕೇಳಿದವರ ಕಣ್ಣಲ್ಲಿ ನೀರು ಕಂಡುಬಂದಿದ್ದು, ಸದರಿ ಒದರಾಟವು ದುಃಖದ ವರ್ಗಕ್ಕೆ ಸೇರಿದೆ. ಮರಣ ಪ್ರಮಾಣಪತ್ರ ಲಗತ್ತಿಸತಕ್ಕದ್ದು."

ಹುಲಿಗೇಶ ತನ್ನಜ್ಜನ ಪತ್ರ ತರುತ್ತೇನೆ ಅಂದ. ಅಜ್ಜ ಹೋಗಿ ಹನ್ನೊಂದು ವರ್ಷ.

"ನಡಿಯಂಗಿಲ್ಲ," ಎಂದರು ಸಾಹೇಬರು. "ದುಃಖದ ಅವಧಿ ಒಂದು ವರ್ಷ. ಆಮ್ಯಾಲ ಅದು ತಾನಾ ರದ್ದಾಗತೈತಿ. ಹತ್ತಿರದ ಸಂಬಂಧಿ, ಹೊಸಾ ಪತ್ರ, ಇಷ್ಟಿದ್ರ ಇವತ್ತಾ ಸಹಿ ಮಾಡ್ತೀನಿ."

ನಮ್ಮ ಮನೆತನದ ದೊಡ್ಡ ಕೊರತೆ ಎಂದರೆ ಆರೋಗ್ಯ. ಆ ವರ್ಷ ಯಾರಿಗೂ ನೆಗಡಿ ಕೂಡ ಬಂದಿರಲಿಲ್ಲ. ಹುಲಿಗೇಶ ಮೆಟ್ಟಿಲ ಮೇಲೆ ಕೂತು ಬೆರಳು ಮಡಚಿ ಒಬ್ಬೊಬ್ಬರ ಹೆಸರು ಹೇಳಿದ, ಎಲ್ಲರೂ ಗಟ್ಟಿಮುಟ್ಟು. ಸೋಮವಾರಕ್ಕೆ ಎರಡೇ ದಿನ. ಅವನ ಮುಖ ನೋಡಲಾಗಲಿಲ್ಲ. "ಏಳಲೇ," ಅಂದೆ, "ನಾ ಅದೀನಲ್ಲ."

ಊರಿಗೆ ಬಂದು ಪುರಸಭೆಯಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆವು. ಅಲ್ಲಿನ ಗುಮಾಸ್ತರು ಕಟ್ಟುನಿಟ್ಟಿನ ಮನುಷ್ಯ. ಸತ್ತವರ ಗುರುತು ಹಿಡಿಯುವ ಸಾಕ್ಷಿ ಇಲ್ಲದೆ ಆಗುವುದಿಲ್ಲ ಎಂದರು. ನಾನೇ ಮುಂದೆ ಬಂದು ಗುರುತು ಹಿಡಿದೆ. "ಮೃತರು ಖುದ್ದು ಹಾಜರಿದ್ದು ತಮ್ಮನ್ನು ತಾವೇ ಗುರುತಿಸಿರುತ್ತಾರೆ" ಎಂದು ಬರೆದು ನನ್ನಿಂದ ಎರಡು ಕಡೆ ಸಹಿ ಹಾಕಿಸಿಕೊಂಡರು. ಸಹಿ ಚೆನ್ನಾಗಿದೆ ಎಂದೂ ಹೇಳಿದರು.

ರೇಶನ್ ಕಾರ್ಡಿನಲ್ಲಿ ನನ್ನ ಹೆಸರು ಹೊಡೆದುಹಾಕಿದ ದಿನ ರೇಣುಕಾ ರೊಟ್ಟಿ ಬಡಿಯುತ್ತಿದ್ದಳು. "ಹೆಸರು ಹೊಡದ್ರೂ ನಾಕು ರೊಟ್ಟಿ ಕಮ್ಮಿ ಆಗಲಿಲ್ಲ ನಿಮಗ," ಅಂದಳು. ಅಷ್ಟೇ ಅವಳ ದುಃಖ.

ಸೋಮವಾರ ಪರವಾನಗಿ ಬಂತು. ಷರತ್ತು ಒಂದೇ: ಹತ್ತು ಮಾತಿಗೊಮ್ಮೆ ಮೃತರ ಹೆಸರು ಬರಬೇಕು, ಧ್ವನಿ ನಡುಗಬೇಕು. ಹುಲಿಗೇಶ ನಿಲ್ದಾಣದ ಹೊರಗೆ ನಿಂತು, "ಕರೂರ ಕರೂರ, ಹೋದೆಲ್ಲೋ ಮಾವಾ ಮರಿಬಸಪ್ಪಾ, ಕರೂರ, ಒಂದಾ ಸೀಟು" ಎಂದು ಒದರಿದ. ಸಮಾಧಾನ ಹೇಳಲು ಬಂದವರು ನಿಂತು ಮಾತಾಡುವುದು ಸರಿಯಲ್ಲವೆಂದು ಗಾಡಿಯೊಳಗೆ ಕೂತರು. ಮೊದಲು ಅರ್ಧ ತಾಸು ಹಿಡಿಯುತ್ತಿದ್ದ ಗಾಡಿ ಆರು ನಿಮಿಷಕ್ಕೆ ತುಂಬಿತು.

ಇದನ್ನು ಕಂಡ ಸೊಪ್ಪಿನ ಅಕ್ತರಬಿ ತಮಗೂ ದುಃಖದ ವರ್ಗವೇ ಬೇಕೆಂದು ಅರ್ಜಿ ಕೊಟ್ಟರು. ಕೈಯಲ್ಲಿ ಸರಕಿದ್ದು ವ್ಯಾಪಾರದ ವರ್ಗ ಸಿಗುವಂತಿದ್ದರೂ ಕೊಟ್ಟರು. ಈಗ ಅವರು ಅತ್ತೆಯನ್ನು ನೆನೆದು ಮೆಂತ್ಯೆ ಮಾರುತ್ತಾರೆ. ಅತ್ತೆ ಪಕ್ಕದಲ್ಲೇ ಕೂತು ಕಟ್ಟು ಕಟ್ಟಿಕೊಡುತ್ತಾರೆ, ಸೊಸೆ ರಾಗ ತಪ್ಪಿದರೆ ತಿದ್ದುತ್ತಾರೆ. ಬಾಳೆಹಣ್ಣು, ಬಳೆ, ಪ್ಲಾಸ್ಟಿಕ್ ಬಿಂದಿಗೆ, ಎಲ್ಲವೂ ಅಳುತ್ತಲೇ ಖರ್ಚಾಗುತ್ತಿವೆ. ಮೂರು ತಾಲ್ಲೂಕುಗಳಲ್ಲಿ ಒದರಾಟ ಸಂಪೂರ್ಣ ನಿಂತಿದ್ದು ದುಃಖ ಮಾತ್ರ ಉಳಿದಿದೆ ಎಂದು ಉಪವಿಭಾಗ ವರದಿ ಕಳಿಸಿ ಮೆಚ್ಚುಗೆ ಪತ್ರ ಪಡೆಯಿತು.

ಹೋದ ಗುರುವಾರ ನಾನು ಆ ಟಂಟಂ ಹತ್ತಿದೆ. ಕರೂರಿನಲ್ಲಿ ಕೆಲಸವಿತ್ತು. ಹೊರಗೆ ಹುಲಿಗೇಶ ನನ್ನ ಹೆಸರು ಹಿಡಿದು ಅಳುತ್ತಿದ್ದ, ಸ್ವಲ್ಪ ಗಂಟಲು ಕಟ್ಟಿತ್ತು. ಪಕ್ಕದ ಸೀಟಿನ ಹಿರಿಯರು ಕೇಳಿದರು.

"ಪಾಪ, ಯಾರು ಹೋಗ್ಯಾರ್ರಿ?"

"ನಾನಾರಿ."

"ಏನಾಗಿತ್ತು?"

"ಒದರಾಕ ಪರವಾನಗಿ ಬೇಕಾಗಿತ್ತು."

ಅವರು ತಲೆದೂಗಿದರು. "ನಮ್ಮ ಮನ್ಯಾಗೂ ಹೋದ ವಾರ ಇಬ್ರು ಹಂಗಾ ಹೋದ್ರು," ಅಂದರು. "ಸ್ವಲ್ಪ ಆಕಡಿ ಸರೀರಿ, ಅವ್ರೂ ಬರೋರದಾರ."